ಮಿಸೆಸ್ ಲಿಂಡ್ ಅವರ ತಂತಿಗೇಟು

ಕಳೆದ ಚಳಿಗಾಲದಲ್ಲಿ ಮಗಳ ಮನೆಗೆಂದು ದುಬೈಗೆ ಹೋಗಿದ್ದಾಗ, ಅವಳ ಕಾರಿನ ಡಿಕ್ಕಿಯಲ್ಲಿ ನೀರಿನ ಕ್ಯಾನುಗಳ ಹಿಂದೆ ಮುದುಡಿ ಬಿದ್ದಿದ್ದ ಒಂದು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿಯನ್ನು ಎತ್ತಿ ಕೊಡವಿದೆ. ಬಾಫತ್ ಪುಡಿಯ ವಾಸನೆ ಬಂತು. ಕೊತ್ತಂಬರಿ, ಜೀರಿಗೆ, ಒಣಮೆಣಸು, ಅರಶಿನ ಸೇರಿಸಿ ನಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ನರ ಮನೆಗಳಲ್ಲಿ ಹಂದಿಮಾಂಸಕ್ಕೆಂದು ಮಾಡಿಡುವ ಪುಡಿ ಅದು. ಇಷ್ಟು ವರ್ಷಗಳ ಮೇಲೂ ಅಂಗಿಯ ಹೊಲಿಗೆಯ ಸಂದಿನಲ್ಲಿ ಅದರ ಕೆಂಪು ಉಳಿದಿತ್ತು.

"ಮಮ್ಮಿ, ಅದು ನನ್ನ ಸೈಕ್ಲಿಂಗ್ ವೆಸ್ಟ್. ಡ್ಯಾಡಿಯ ಹಳೇದು. ಸೋ ಬ್ರೈಟ್ ಅಲ್ವಾ?" ಎಂದಳು ನಿಶಾ.

ಅವಳ ಡ್ಯಾಡಿ, ಎಂದರೆ ನನ್ನ ಗಂಡ ರೋನಿ, ಮುಂದಿನ ಸೀಟಿನಲ್ಲಿ ಊರುಗೋಲನ್ನು ಮೊಣಕಾಲುಗಳ ನಡುವೆ ಹಿಡಿದು ಕುಳಿತಿದ್ದರು. ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ. ನಾನು ಅಂಗಿಯನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕುಳಿತೆ. ಕಾರು ಮರುಭೂಮಿಯ ಕಡೆ ಹೊರಟಿತು. ನನ್ನ ಮನಸ್ಸು ಮಾತ್ರ ಎಣ್ಣೆಯ ಬೆಲೆ ಬಿದ್ದ ಆ ವರ್ಷಕ್ಕೆ ಹೋಯಿತು.

ಆಗ ನಾವು ಅಲ್ ಬರ್ಷಾದ ಫ್ಲ್ಯಾಟಿನಲ್ಲಿದ್ದೆವು. ನಿಶಾ ಹನ್ನೆರಡನೇ ಕ್ಲಾಸು. ರೋನಿ ಒಂದು ಕಾಂಟ್ರ್ಯಾಕ್ಟಿಂಗ್ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅದೇ ಸೈಟಿನಲ್ಲಿ ಕ್ರೇನುಗಳ ಉಸ್ತುವಾರಿಗೆ ಡೇಲ್ ಎಂಬ ಅಮೆರಿಕದವನೊಬ್ಬನಿದ್ದ. ಊಟದ ಡಬ್ಬಿ ಹಂಚಿಕೊಳ್ಳುವಷ್ಟು ಗೆಳೆತನ. ನಾನು ಕಳುಹಿಸುತ್ತಿದ್ದ ಸಾನ್ನವನ್ನು, ನಮ್ಮ ಕಡೆಯ ಮೆತ್ತನೆಯ ಇಡ್ಲಿಯನ್ನು, ಅವನು ಜಾಮ್ ಹಚ್ಚಿ ತಿನ್ನುತ್ತಿದ್ದನಂತೆ. ಕೆಲಸ ಬಿಟ್ಟು ಊರಿಗೆ ಹೊರಡುವ ಮುನ್ನ ನಮ್ಮ ಮನೆಗೆ ಊಟಕ್ಕೆ ಬಂದವನು ತನ್ನ ಮೊಬೈಲಿನಲ್ಲಿ ಒಂದು ಪ್ರಾಣಿಯ ಫೋಟೋ ತೋರಿಸಿದ. ಜಿಂಕೆಗಿಂತ ಗಟ್ಟಿ ಮೈ, ಕತ್ತಿಗೆ ಎರಡು ಬಿಳಿ ಪಟ್ಟಿ, ಮುಂದಕ್ಕೆ ಚಿಕ್ಕ ಕವಲೊಡೆದ ಕರಿ ಕೊಂಬು. ಪ್ರಾಂಗ್‌ಹಾರ್ನ್ ಅಂತ ಹೆಸರು.

"ಇದರ ಬೇಟೆಗೆ ಅರ್ಜಿ ಹಾಕಬಹುದು, ರೋನಿ. ಲಾಟರಿಯ ಹಾಗೆ ಹೆಸರು ಎತ್ತುತ್ತಾರೆ. ಬಂದರೆ ಒಂದು ಟ್ಯಾಗ್ ಕೊಡುತ್ತಾರೆ, ಒಂದು ಟ್ಯಾಗಿಗೆ ಒಂದೇ ಪ್ರಾಣಿ. ಗೈಡ್ ಬೇಡ, ಯಾರ ಕೈಕಾಲು ಹಿಡಿಯುವುದೂ ಬೇಡ. ಸರಕಾರದ ನೆಲ ಅಂದರೆ ಎಲ್ಲರ ನೆಲ. ಬಂದೂಕು ನಾನು ಕೊಡುತ್ತೇನೆ."

ರೋನಿ ಆ ಫೋಟೋವನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಹೊಸ ಕಾರನ್ನೂ ಹಾಗೆ ನೋಡಿದವರಲ್ಲ.

ಅದಕ್ಕೊಂದು ಕಾರಣವಿತ್ತು. ಕಾರ್ಕಳದ ಆಚೆ ಅವರ ಊರಿನಲ್ಲಿ ಅಪ್ಪನಿಗೆ ಬೆಳೆ ಕಾಯಲೆಂದು ಲೈಸೆನ್ಸಿನ ಕೋವಿ ಇತ್ತು. ಬೇಟೆಯನ್ನು ನಿಲ್ಲಿಸಿ ಕಾನೂನು ಬಂದ ಮೇಲೂ ಊರವರು ಕದ್ದು ಹಂದಿಗೆ ಹೋಗುತ್ತಿದ್ದರು. ರೋನಿ ಆಗ ಇನ್ನೂ ಚಡ್ಡಿ ಹಾಕುವ ಹುಡುಗ. ಮಾಂಸವನ್ನು ಸೌದೆಯ ಹೊರೆಯೊಳಗೆ ಅಡಗಿಸಿ ತರುವಾಗ ಯಾರಾದರೂ ಎದುರಾದರೆ ಎದೆ ಡಬಡಬ ಎನ್ನುತ್ತಿತ್ತಂತೆ. ಆಮೇಲೆ ತೇಗದ ಎಲೆಗಳ ಮೇಲೆ ಪಾಲು ಹಾಕುವುದು. ಗುಂಡು ಹೊಡೆದವನಿಗೆ ಒಂದು, ಪೊದೆ ಬಡಿದು ಪ್ರಾಣಿಯನ್ನು ಸೋವಿದವರಿಗೆ ಒಂದೊಂದು, ನಾಯಿಗೂ ಒಂದು. ಪ್ರಾಣಿ ಯಾರ ನೆಲದಲ್ಲಿ ಬಿತ್ತೋ ಆ ಮನೆಯವರು ಬೇಟೆಗೆ ಬಾರದಿದ್ದರೂ ಅವರಿಗೆ ಒಂದು ತೊಡೆ. ಅಪ್ಪ ತೀರಿಕೊಂಡದ್ದು ಒಂದು ಚುನಾವಣೆಯ ಸಮಯ. ಚುನಾವಣೆಯ ನಿಯಮದಂತೆ ಠಾಣೆಗೆ ಒಪ್ಪಿಸಿದ್ದ ಕೋವಿ ವಾಪಸು ಬರಲೇ ಇಲ್ಲ. ರೋನಿ ಅದನ್ನು ಒಮ್ಮೆಯೂ ಹೆಗಲಿಗೆ ಇಟ್ಟವರಲ್ಲ.

"ನಂಗೆ ಮಾಂಸದ ಆಸೆ ಅಲ್ಲ ಲೀನಾ. ಒಂದು ಸಲ, ಒಂದೇ ಸಲ, ಹಗಲಲ್ಲಿ, ಟ್ಯಾಗು ಜೇಬಲ್ಲಿ ಇಟ್ಕೊಂಡು, ಯಾರಿಗೂ ಹೆದರದೆ ಹೋಗ್ಬೇಕು. ಅಷ್ಟೇ" ಎಂದರು ರೋನಿ.

ನಾನು ಕೋಳಿ ಕೊಯ್ಯುವಾಗಲೂ ಮುಖ ತಿರುಗಿಸುವವಳು. ಆದರೆ ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಈ ಮನುಷ್ಯ ತನಗೆಂದು ಏನನ್ನೂ ಕೇಳಿದ್ದು ನನಗೆ ನೆನಪಿರಲಿಲ್ಲ.

"ನಾನೂ ಬರ್ತೇನೆ. ಚಳಿಗೆ ಕಂಬಳಿ ಯಾರು ಕಟ್ಟಿ ಕೊಡ್ಲಿಕ್ಕೆ ಉಂಟು ನಿಮ್ಗೆ?" ಎಂದೆ.

ಹೀಗೆ ಶುರುವಾಯಿತು ನಮ್ಮ ತಯಾರಿ. ಊಟದ ಮೇಜಿನ ಅರ್ಧ ಭಾಗಕ್ಕೆ ಡೇಲ್‌ನ ಊರಿರುವ ವಯೋಮಿಂಗ್ ಎಂಬ ಅಮೆರಿಕದ ರಾಜ್ಯ ಬಂದು ಕುಳಿತಿತು. ರೋನಿ ಆಫೀಸಿನಲ್ಲಿ ಪ್ರಿಂಟ್ ಹಾಕಿಸಿ ತಂದ ನಕಾಶೆಗಳನ್ನು ನಾನು ಅಂಟಿಸಿ ಒಂದು ಮಾಡಿದೆ. ಅದರಲ್ಲಿ ಸರಕಾರದ ನೆಲಕ್ಕೆ ಹಳದಿ, ಖಾಸಗಿಗೆ ಬಿಳಿ. ಯಾವ ಭಾಗಕ್ಕೆ ಅರ್ಜಿ ಹಾಕುವುದು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ರೋನಿ ಹೆಚ್ಚು ಹಳದಿಯೂ ಕಡಿಮೆ ಪೈಪೋಟಿಯೂ ಇರುವ ಒಂದು ಭಾಗವನ್ನು ಹುಡುಕಿ ತೆಗೆದರು. "ನೋಡು, ಇಷ್ಟು ದೊಡ್ಡ ಜಾಗ, ಯಾರೂ ಕೇಳುವವರಿಲ್ಲ. ಅಮೆರಿಕದವರಿಗೆ ನಕಾಶೆ ಓದ್ಲಿಕ್ಕೆ ಬರುದಿಲ್ವಾ ಅಂತ!" ಎಂದು ನಕ್ಕರು.

ನಿಶಾ ತನ್ನ ಪುಸ್ತಕಗಳಿಗೆ ಜಾಗ ಸಾಲದೆ ಗೊಣಗುತ್ತಿದ್ದಳು. "ಡ್ಯಾಡ್, ಸೀರಿಯಸ್ಲಿ? ಐ ಹ್ಯಾವ್ ಬೋರ್ಡ್ಸ್!"

ಎದುರು ಫ್ಲ್ಯಾಟಿನ ಮಾಲತಿ ಮೈಸೂರಿನವರು, ಈರುಳ್ಳಿಯನ್ನೂ ವಾರ ನೋಡಿ ತಿನ್ನುವವರು. ಮೊಸರಿಗೆ ಹೆಪ್ಪು ಕೇಳಲು ಬಂದವರು ನಕಾಶೆ ನೋಡಿ ದಂಗಾದರು. "ಏನ್ರೀ ಲೀನಾ ಇದು, ಸೈಟ್ ತಗೋತಿದೀರಾ?"

"ಇಲ್ಲ ಮಾಲತಿ, ಬೇಟೆಗೆ."

"ಬೇಟೆಗೆ ವೀಸಾ ತಗೊಂಡು ಹೋಗೋರನ್ನ ಇವತ್ತೇ ನೋಡಿದ್ದು ಕಣ್ರೀ! ಪಾಪ, ಆ ಪ್ರಾಣಿ ತಪ್ಪಿಸಿಕೊಳ್ಳಲಿ ಅಂತ ನಾನು ರಾಯರಿಗೆ ಹೇಳ್ಕೋತೀನಿ, ಬೇಜಾರು ಮಾಡ್ಕೋಬೇಡಿ." ಹಾಗೆಂದವರೇ ಮುಂದಿನ ವಾರ ಮಗನ ಹಳೆಯ ಸ್ಲೀಪಿಂಗ್ ಬ್ಯಾಗ್ ತಂದುಕೊಟ್ಟರು.

ರಜಾದಿನವಾದ ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಅಲ್ ಕುದ್ರಾದ ಮರುಭೂಮಿಗೆ ಹೋಗುತ್ತಿದ್ದೆವು. ಎಮಿರೇಟ್ಸಿನಲ್ಲಿ ಬೇಟೆ ನಿಷಿದ್ಧ, ಆದರೆ ನೋಡುವುದಕ್ಕೆ ತಡೆಯಿಲ್ಲ. ಅಲ್ಲಿ ಸಣ್ಣ ಜಿಂಕೆಗಳಿದ್ದವು, ಮರಳಿನದೇ ಬಣ್ಣ. ಬಾಲ ಅಲ್ಲಾಡಿದರೆ ಮಾತ್ರ ಇದೆ ಎಂದು ಗೊತ್ತಾಗುವುದು. ಬಯಲಿನ ಪ್ರಾಣಿಯ ಹತ್ತಿರ ಹೋಗುವುದೇ ದೊಡ್ಡ ವಿದ್ಯೆ, ಅಡಗಲು ಒಂದು ಪೊದೆಯೂ ಇರುವುದಿಲ್ಲ ಎಂದು ಡೇಲ್ ಹೇಳಿದ್ದ. ರೋನಿ ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ಹೊಟ್ಟೆಯ ಮೇಲೆ ತೆವಳುತ್ತಿದ್ದರು. ಗಾಳಿ ನೋಡುವುದು ನನ್ನ ಕೆಲಸ. ಒಂದು ಚಿಟಿಕೆ ಟಾಲ್ಕಮ್ ಪೌಡರನ್ನು ಗಾಳಿಗೆ ಬಿಟ್ಟು ಅದು ಎತ್ತ ಹೋಗುತ್ತದೆ ಎಂದು ನೋಡಬೇಕು. ಅದು ನಮ್ಮ ಮುಖಕ್ಕೇ ಮರಳಿ ಬಂದರೆ ನಮ್ಮ ವಾಸನೆ ಪ್ರಾಣಿಗೆ ಸಿಕ್ಕುವುದಿಲ್ಲ.

"ಗಾಳಿ ಎಲ್ಲಿಂದ?" ಎಂದು ಅವರು ಪಿಸುಗುಡುವುದು.

"ನಮ್ಮ ಬೆನ್ನಿಂದ. ಏಳಿ, ಇವತ್ತು ಆಗುದಿಲ್ಲ. ಇಡ್ಲಿ ತಣ್ಣಗಾಯ್ತು."

ಬಿಳಿ ಬಟ್ಟೆ ಬೀಸಿದರೆ ಪ್ರಾಂಗ್‌ಹಾರ್ನ್ ಕುತೂಹಲದಿಂದ ಹತ್ತಿರ ಬರುತ್ತದಂತೆ. ಅದನ್ನೂ ಪರೀಕ್ಷೆ ಮಾಡೋಣ ಎಂದು ಒಂದು ಶುಕ್ರವಾರ ನಾನು ಇಗರ್ಜಿಗೆ ಹಾಕಿಕೊಂಡ ಬಿಳಿ ದುಪ್ಪಟ್ಟಾವನ್ನು ದಿಬ್ಬದ ಮೇಲೆ ನಿಂತು ಬೀಸಿದೆ. ಜಿಂಕೆಗಳು ಓಡಿಹೋದವು. ದೂರದಿಂದ ಒಂಟೆ ಕಾಯುವ ಪಠಾಣನೊಬ್ಬ ಪಿಕಪ್ಪಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. "ಗಾಡಿ ಫಸ್ ಗಯಾ, ಸಿಸ್ಟರ್?" ಎಂದು ಹಗ್ಗವನ್ನೂ ಇಳಿಸಿದ. ಗಾಡಿ ಹೂತಿಲ್ಲ, ಗಂಡ ಅಲ್ಲಿ ಮಲಗಿದ್ದಾರೆ ಎಂದು ತೋರಿಸಿದೆ. ಅವನು ರೋನಿಯನ್ನು ನೋಡಿದ, ನನ್ನನ್ನು ನೋಡಿದ, ಏನೂ ಕೇಳದೆ ನೀರಿನ ಬಾಟಲಿ ಕೊಟ್ಟು ಹೋದ. ರೋನಿ ಮರಳಿನ ಮೇಲೆ ಅಂಗಾತ ಹೊರಳಿ ನಕ್ಕ ನಗೆ! ಅಂಥ ನಗು ನಾನು ಅವರಲ್ಲಿ ಆಮೇಲೆ ಕೇಳಿಲ್ಲ.

ಜೂನಿನ ಸೆಕೆಯಲ್ಲಿ ಹೆಸರು ಬಂತು. ಆ ದಿನ ರೋನಿ ಆಫೀಸಿನಿಂದಲೇ ಫೋನ್ ಮಾಡಿ, "ಸಿಕ್ಕಿತು ಮಾರಾಯ್ತಿ, ಸಿಕ್ಕಿತು" ಎಂದರು. ಹಿಂದಿನಿಂದ ಯಾರೋ "ಯಲ್ಲಾ, ಬೇಗ ಬಾ ರೋನಿ, ಟ್ರಕ್ ಕಾಯ್ತಾ ಉಂಟು" ಎನ್ನುವುದು ಕೇಳಿಸಿತು. ಸಂಜೆ ಬರುವಾಗ ಕೇಕ್ ತಂದರು, ಬೇಟೆಗಾರರು ಹಾಕಬೇಕಾದ ಕಿತ್ತಳೆ ಅಂಗಿಗಳನ್ನೂ ಅಂದೇ ಆರ್ಡರ್ ಮಾಡಿದರು.

ತಪ್ಪು ಕಣ್ಣಿಗೆ ಬಿದ್ದದ್ದು ಆಮೇಲೆ. ನಮ್ಮ ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್, ಬಣ್ಣ ತುಂಬುವಾಗ ಗಡಿಯನ್ನು ಬೆರಳಿನಿಂದ ಪೂರ್ತಿ ಸುತ್ತಿ ಬರಬೇಕು ಎಂದು ಅಭ್ಯಾಸ ಮಾಡಿಸಿದ್ದರು. ಒಂದು ಮಧ್ಯಾಹ್ನ ಬಟಾಣಿ ಸುಲಿಯುತ್ತಾ ನಮ್ಮ ಹಳದಿಯ ಸುತ್ತ ಸುಮ್ಮನೆ ಬೆರಳಾಡಿಸಿದೆ. ಸುತ್ತು ಮುಗಿಯಿತು. ಬೆರಳಿಗೆ ಎಲ್ಲಿಯೂ ರಸ್ತೆ ಸಿಗಲಿಲ್ಲ. ಇನ್ನೊಮ್ಮೆ ಸುತ್ತಿದೆ. ರಸ್ತೆಗೂ ಹಳದಿಗೂ ನಡುವೆ ಉದ್ದಕ್ಕೂ ರಿಬ್ಬನ್ನಿನಂತೆ ಬಿಳಿ.

"ರೋನಿ, ಈ ಎಲ್ಲರ ನೆಲಕ್ಕೆ ಹೋಗುವ ದಾರಿ ಎಲ್ಲಿ ಉಂಟು?"

"ದಾರಿ ಎಂತಕ್ಕೆ? ಟಾರು ಮುಗಿದ ಕಡೆ ಟಯರಿನ ಗಾಳಿ ಸ್ವಲ್ಪ ಬಿಟ್ಟು ಕಾರನ್ನು ಬಯಲಿಗೆ ಇಳಿಸಿದ್ರಾಯ್ತು." ಹೇಳುತ್ತಾ ಹೇಳುತ್ತಾ ಅವರ ಧ್ವನಿ ಸಣ್ಣದಾಯಿತು.

ವರ್ಷಗಟ್ಟಲೆ ದುಬೈಯ ಬಯಲಿನಲ್ಲಿ ರಸ್ತೆ ಬಿಟ್ಟು ಮನಸ್ಸು ಬಂದ ಕಡೆ ಕಾರು ಓಡಿಸಿದವರು ನಾವು. ಬಯಲು ಎಂದರೆ ಬೇಲಿ ಇರುತ್ತದೆ ಎಂಬ ಯೋಚನೆಯೇ ನಮ್ಮ ತಲೆಗೆ ಬಂದಿರಲಿಲ್ಲ. ಡೇಲ್‌ಗೆ ಫೋನ್ ಮಾಡಿದರೆ ಅವನು ಉದ್ದಕ್ಕೆ ಉಸಿರು ಬಿಟ್ಟ. ಪೈಪೋಟಿ ಕಡಿಮೆ ಇದ್ದದ್ದಕ್ಕೆ ಅದೇ ಕಾರಣ. ಬಿಳಿ ನೆಲ ದಾಟದೆ ಹಳದಿಗೆ ಕಾಲಿಡುವಂತಿಲ್ಲ, ಬಿಳಿ ನೆಲ ಮಿಸೆಸ್ ಲಿಂಡ್ ಎಂಬ ಮುದುಕಿಯದು. ದನ ಸಾಕಿಕೊಂಡು ಒಬ್ಬಳೇ ಇದ್ದಾಳೆ, ಬೇಟೆಯವರನ್ನು ಕಂಡರೆ ಆಗುವುದಿಲ್ಲ. ನಂಬರು ಹುಡುಕಿ ಕೊಡುತ್ತೇನೆ, ನಿಮ್ಮ ಅದೃಷ್ಟ ಎಂದ.

ರೋನಿ ಫೋನ್ ಮಾಡಿದರು. ಅವರು "ಗುಡ್ ಮಾರ್ನಿಂಗ್ ಮ್ಯಾಡಮ್, ಐ ಆಮ್ ಕಾಲಿಂಗ್ ಫ್ರಮ್ ದುಬೈ" ಎನ್ನುವಷ್ಟರಲ್ಲಿ ಆಕೆ ತನಗೇನೂ ಬೇಡವೆಂದು ಫೋನ್ ಇಟ್ಟಳು. ಏನನ್ನೋ ಮಾರುವವರೆಂದು ತಿಳಿದಿರಬೇಕು. ಎರಡನೇ ಸಲ ಬೇಟೆ ಎಂದದ್ದೇ ತಡ, "ನೋ". ಅಂದು ರೋನಿ ನಕಾಶೆಯನ್ನು ಮಡಚಿ ಸೋಫಾದ ಹಿಂದೆ ಇಟ್ಟರು. ಊಟ ಮಾಡಿದರು, ಆದರೆ ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ.

ಎರಡು ದಿನ ನೋಡಿದೆ. ಮೂರನೇ ದಿನ ಸಂಜೆ, ಅಲ್ಲಿಗೆ ಬೆಳಗಾಗುವ ಹೊತ್ತಿಗೆ, ನಾನೇ ಫೋನ್ ಹಚ್ಚಿದೆ. ಕೆಳಗಿನ ಮಸೀದಿಯ ಬಾಂಗು ಮುಗಿಯಲಿ ಎಂದು ಕಾದು, ಎಲೊಕ್ಯೂಷನ್ ಸ್ಪರ್ಧೆಗೆ ನಿಂತಂತೆ ಗಂಟಲು ಸರಿಮಾಡಿಕೊಂಡು ಮೊದಲು ನನ್ನ ಹೆಸರು ಹೇಳಿದೆ. ಆಮೇಲೆ, ನಿಮ್ಮಲ್ಲಿ ಮಳೆ ಹೇಗೆ ಎಂದು ಕೇಳಿದೆ. ಏಕೆ ಕೇಳಿದೆನೋ! ನಮ್ಮಮ್ಮ ಯಾರ ಅಂಗಳಕ್ಕೆ ಹೋದರೂ ಹಾಗೆಯೇ ಮಾತು ಶುರು ಮಾಡುತ್ತಿದ್ದಳು.

"ಮಳೆಯೇ? ಸಾಲದು. ಹುಲ್ಲು ಪಾದ ಮುಚ್ಚುವಷ್ಟೂ ಇಲ್ಲ. ನೀನು ಯಾರೆಂದೆ?"

ಎಲ್ಲವನ್ನೂ ಹೇಳಿದೆ. ಗಂಡ, ಟ್ಯಾಗು, ಬಿಳಿ ನೆಲ, ನಕಾಶೆ ಓದಿದ ನಮ್ಮ ಪೆದ್ದುತನ. ಆಕೆ ನಕ್ಕಳು, ಆದರೂ ಒಪ್ಪಲಿಲ್ಲ. "ದಾಟುವುದಕ್ಕೆ ಎಲ್ಲರೂ ಕೇಳುತ್ತಾರೆ, ಮಗೂ. ದಾಟಿ ಹೋದವರು ಹಿಂದಿರುಗಿ ನೋಡುವುದಿಲ್ಲ. ಗೇಟು ತೆರೆದಿಟ್ಟು ಹೋಗುತ್ತಾರೆ, ನಾನು ದನ ಹುಡುಕುತ್ತಾ ದಿನ ಕಳೆಯಬೇಕು."

"ನನ್ನ ಗಂಡನ ಊರಿನಲ್ಲಿ ನೆಲದವರಿಗೆ ಒಂದು ಪಾಲು ಉಂಟು. ಒಂದು ತೊಡೆ. ಅದನ್ನು ಕೊಡದೆ ಯಾರೂ ಮನೆಗೆ ಹೋಗುವುದಿಲ್ಲ. ನಿಮ್ಮ ನೆಲ ದಾಟಿದರೆ ನಿಮಗೂ ಅದು ಸಲ್ಲಬೇಕು. ನಾವೇ ತಂದು ಕೊಡುತ್ತೇವೆ" ಎಂದೆ.

"ನನಗೇ?"

"ನಿಮಗೇ."

"ಇದುವರೆಗೆ ವಿಸ್ಕಿ ಕೊಡುತ್ತೇನೆ ಎಂದವರಿದ್ದಾರೆ. ಮಾಂಸ ಯಾರೂ ಹೇಳಿರಲಿಲ್ಲ." ಒಲೆಯ ಮೇಲೆ ಏನೋ ಕುದಿಯುವ ಸದ್ದು ಫೋನಿನಲ್ಲೇ ಕೇಳುತ್ತಿತ್ತು. "ಅದರ ಮಾಂಸ ಕಾಡುಸೊಪ್ಪಿನ ವಾಸನೆ ಹೊಡೆಯುತ್ತದೆ. ನನಗೆ ಸೇರದು. ನೀನಾದರೆ ಏನು ಮಾಡುತ್ತಿದ್ದೆ?"

ವಿನೆಗರಿನಲ್ಲಿ ನೆನೆಹಾಕಿ, ಬಾಫತ್ ಪುಡಿ ಹಚ್ಚಿ, ಶುಂಠಿ ಹಾಕಿ ನಿಧಾನಕ್ಕೆ ಬೇಯಿಸುವುದನ್ನು ಹೇಳಿದೆ. ಅದನ್ನೆಲ್ಲ ಕೇಳಿ ಆಕೆ, "ಆ ಪುಡಿ ತಾ" ಎಂದಳು. ಒಪ್ಪಿಗೆ ಸಿಕ್ಕಿದ್ದು ಹಾಗೆ.

ಆಮೇಲೆ ಗೇಟಿನ ಪಾಠ. ಅದು ಕಬ್ಬಿಣದ ಗೇಟಲ್ಲ. ಮುಳ್ಳುತಂತಿಯ ಎಳೆಗಳು, ತುದಿಗೊಂದು ಕೋಲು, ಕೋಲಿನ ತಲೆಯನ್ನು ಬೇಲಿಯ ಕಂಬಕ್ಕೆ ಸಿಕ್ಕಿಸುವ ತಂತಿಯ ಕುಣಿಕೆ. ಎಳೆದರೆ ಬರುವುದಿಲ್ಲ. ಹೆಗಲು ಕೊಟ್ಟು ಕೋಲನ್ನು ತಬ್ಬಿ ಕಂಬದ ಕಡೆಗೆ ಒತ್ತಬೇಕು, ಆಗ ಕುಣಿಕೆ ಸಡಿಲವಾಗುತ್ತದೆ. "ಸಿಟ್ಟಾದ ಗಂಡನನ್ನು ತಬ್ಬಿದ ಹಾಗೆ. ಬಲಕ್ಕೆ ಬಗ್ಗುವುದಿಲ್ಲ. ಮತ್ತೆ ಮುಚ್ಚಬೇಕು, ನೆನಪಿರಲಿ" ಎಂದಳು.

ರೋನಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಮಾಪಿನ ಕೋಲು ಕಟ್ಟಿ ಒಂದು ಗೇಟು ಮಾಡಿದರು. "ಗೇಟು ನಿನ್ನ ಡಿಪಾರ್ಟ್‌ಮೆಂಟು. ಒಪ್ಪಿಗೆ ತಂದವಳು ನೀನು." ನಾನು ದಿನಾ ಬಟ್ಟೆ ತೆಗೆಯಲು ಹೋದಾಗ ಒಮ್ಮೆ ತಬ್ಬಿ, ತೆಗೆದು, ಹಾಕಿ ಬರುತ್ತಿದ್ದೆ. ಕೆಳಗೆ ಮೆಟ್ರೋ ಸಾಗುತ್ತಿತ್ತು. ಮೂಲೆಯಲ್ಲಿ ಮಾಲತಿ ಕೊಟ್ಟ ಸ್ಲೀಪಿಂಗ್ ಬ್ಯಾಗು ಬಿಸಿಲು ಕಾಯುತ್ತಿತ್ತು. ಅಷ್ಟು ವೇಗವಾಗಿ ಓಡುವ ಪ್ರಾಂಗ್‌ಹಾರ್ನಿಗೆ ಬೇಲಿ ಹಾರಲು ಮಾತ್ರ ಬರುವುದಿಲ್ಲವಂತೆ, ತಂತಿಯ ಅಡಿಯಿಂದ ನುಸುಳಿ ಹೋಗುತ್ತದಂತೆ. ರೋನಿ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ವೀಸಾ ಆಯಿತು. ಟಿಕೆಟ್ ಆಯಿತು. ಟ್ಯಾಗು ಅಂಚೆಯಲ್ಲಿ ಬಂತು. ಬಾಫತ್ ಪುಡಿ ಹೊಸದಾಗಿ ಮಾಡಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಕಿತ್ತಳೆ ಅಂಗಿಯೊಳಗೆ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟೆ.

ಆಗಸ್ಟಿನ ಕೊನೆಗೆ ಕಂಪನಿಯಲ್ಲಿ ಜನರನ್ನು ತೆಗೆಯಲು ಶುರುಮಾಡಿದರು. ರೋನಿ ಅಂದು ಮಧ್ಯಾಹ್ನವೇ ಮನೆಗೆ ಬಂದರು. ಶೂ ಬಿಚ್ಚುತ್ತಾ, "ಖಲಾಸ್" ಎಂದರು. ಒಂದೇ ಮಾತು.

ಕೆಲಸ ಹೋದರೆ ದುಬೈಯ ವೀಸಾ ರದ್ದು. ಆಮೇಲೆ ಇರಲು ಬಿಡುವುದು ಒಂದು ತಿಂಗಳು. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ನಿಶಾಳನ್ನು ಹನ್ನೆರಡನೇ ಕ್ಲಾಸಿನ ನಡುವಿನಿಂದ ಎಬ್ಬಿಸಿಕೊಂಡು ಹೊರಡಬೇಕು. ರೋನಿ ದಿನವೂ ಟೈ ಕಟ್ಟಿ ಹೋಗಿ ಬಂದರು. ಕೊನೆಗೆ ಅಬುಧಾಬಿಯ ಒಂದು ಕಂಪನಿ ಕರೆಯಿತು. ಸೇರಬೇಕಾದದ್ದು ಬೇಟೆಯ ಸೀಸನ್ ತೆರೆಯುವ ವಾರವೇ. ಮೊದಲ ಆರು ತಿಂಗಳು ರಜೆ ಮಾಫಿ, ಎಂದರೆ ಇಲ್ಲವೇ ಇಲ್ಲ.

"ಸ್ವಲ್ಪ ತಡವಾಗಿ ಸೇರ್ತೇನೆ ಅಂತ ಕೇಳಿ ನೋಡಿ" ಎಂದೆ.

"ಎಂತ ಹೇಳಿ ಕೇಳುದು ಲೀನಾ? ಬೇಟೆಗೆ ಹೋಗ್ಲಿಕ್ಕುಂಟು ಅಂತಲಾ?" ನಕ್ಕರು. "ಆಗುವ ಮಾತಲ್ಲ ಮಾರಾಯ್ತಿ. ಪಾಪು ಪರೀಕ್ಷೆ ಬರೀಲಿ."

ನಿಶಾ ಕೋಣೆಯ ಬಾಗಿಲಿನಲ್ಲಿ ನಿಂತಿದ್ದಳು. "ಸಾರಿ, ಡ್ಯಾಡ್" ಎಂದಳು. ಏಕೆ ಸಾರಿ ಎಂದು ಅವರು ಗದರಿದರು. ಅವಳು ಮೇಜಿನ ಮೇಲಿದ್ದ ತನ್ನ ಪುಸ್ತಕಗಳನ್ನು ಸರಿಸಿ, ಸೋಫಾದ ಹಿಂದಿನಿಂದ ನಕಾಶೆಯನ್ನು ತಂದು ಹರಡಿದಳು. ಅದು ಅಲ್ಲಿಯೇ ಬಹಳ ದಿನ ಇತ್ತು.

ಮಿಸೆಸ್ ಲಿಂಡ್‌ಗೆ ನಾನೇ ಫೋನ್ ಮಾಡಿದೆ. ಬರುವುದಿಲ್ಲ ಎಂದು ಹೇಳಿದೆ. ಆಕೆ ಕೇಳಿಸಿಕೊಂಡಳು. "ಕೆಲಸ ಎಂದರೆ ಕೆಲಸ. ಇಲ್ಲಿ ನಿನ್ನೆ ಮಳೆ ಬಂತು, ನಿನಗೆ ಹೇಳಬೇಕು ಅಂದುಕೊಂಡಿದ್ದೆ. ಗೇಟು ಎಲ್ಲಿಗೂ ಹೋಗುವುದಿಲ್ಲ" ಎಂದಳು.

ಪುಡಿಯಲ್ಲಿ ಅರ್ಧವನ್ನು ಅಂಚೆಯಲ್ಲಿ ಕಳುಹಿಸಿದೆ. ಕಟ್ಟು ಬಿಚ್ಚುವಾಗ ಚೆಲ್ಲಿದ ಪುಡಿಯೇ ಅಂಗಿಗೆ ಹಿಡಿದದ್ದು. ಕಳುಹಿಸಿದ್ದನ್ನು ದನದ ಮಾಂಸಕ್ಕೆ ಹಾಕಿ ದಿನವಿಡೀ ಸೀನಿದ್ದಾಗಿ ಆಕೆ ಡೇಲ್‌ನ ಹತ್ತಿರ ಹೇಳಿದಳಂತೆ. ಇನ್ನೂ ಸ್ವಲ್ಪ ಇದೆಯೇ ಎಂದೂ ಕೇಳಿದಳಂತೆ.

ಸೀಸನ್ ತೆರೆದ ದಿನ ಬೆಳಿಗ್ಗೆ ರೋನಿ ಅಬುಧಾಬಿಯ ಬಸ್ಸಿಗೆ ಹೊರಟರು. ಇಸ್ತ್ರಿ ಮಾಡಿದ ನೀಲಿ ಅಂಗಿಯ ಜೇಬಿನಲ್ಲಿ ಟ್ಯಾಗು ಇಟ್ಟುಕೊಳ್ಳುವುದನ್ನು ಕನ್ನಡಿಯಲ್ಲಿ ನೋಡಿದೆ. ನೋಡದ ಹಾಗೆ ಡಬ್ಬಿ ಕಟ್ಟಿಕೊಟ್ಟೆ. ಹಗಲಿನಲ್ಲಿ, ಟ್ಯಾಗು ಜೇಬಿನಲ್ಲಿ, ಯಾರಿಗೂ ಹೆದರದೆ. ಬಸ್ಸಿನಲ್ಲಿ.

ಮುಂದಿನ ವರ್ಷ ಎಂದುಕೊಂಡೆವು. ಮುಂದಿನ ವರ್ಷ ನಿಶಾಳ ಕಾಲೇಜು, ಅದರ ಮುಂದಿನ ವರ್ಷ ರೋನಿಯ ಮೊಣಕಾಲು. ಆಮೇಲೆ ನಾವು ಮಂಗಳೂರಿಗೆ ಮರಳಿದೆವು, ಓದು ಮುಗಿಸಿದ ನಿಶಾ ದುಬೈಗೆ ಮರಳಿದಳು. ಡೇಲ್‌ನ ಫೋನುಗಳು ಕ್ರಿಸ್ಮಸ್ಸಿಗೆ ಮಾತ್ರ ಎಂದಾದವು. ಮಿಸೆಸ್ ಲಿಂಡ್ ಈಗ ಇದ್ದಾಳೋ ಇಲ್ಲವೋ, ಕೇಳಲು ನನಗೆ ಮನಸ್ಸು ಬಂದಿಲ್ಲ.

ಕಾರು ನಿಂತಿತು. ನಾವು ತೆವಳುತ್ತಿದ್ದ ಬಯಲಿಗೆ ಈಗ ಬೇಲಿ. ಮುಂದೆ ಒಂಟೆಗಳ ದೊಡ್ಡಿ. ನಿಶಾ ಇಳಿದು ಗೇಟನ್ನು ಎಳೆದಳು, ನೂಕಿದಳು. "ಇಟ್ಸ್ ಸ್ಟಕ್, ಮಮ್ಮಿ." ದೂರದಿಂದ ಒಂಟೆ ಕಾಯುವವನು ಒಳಗೆ ಹೋಗಿ ಎಂಬಂತೆ ಕೈಬೀಸಿ ಕೂಗಿದ, "ಜಾವೋ, ಜಾವೋ! ಗೇಟ್ ಬಂದ್ ಕರ್ನಾ!"

ನೋಡಿದೆ. ತಂತಿಯ ಎಳೆಗಳು, ತುದಿಗೊಂದು ಕೋಲು, ಕೋಲಿನ ತಲೆಗೆ ಕುಣಿಕೆ.

"ನೀನು ಕಾರಲ್ಲಿ ಕೂತುಕೋ" ಎಂದೆ ಮಗಳಿಗೆ. ಸೆರಗು ಸಿಕ್ಕಿಸಿ, ಹೆಗಲು ಕೊಟ್ಟು ಕೋಲನ್ನು ತಬ್ಬಿ ಕಂಬದ ಕಡೆ ಒತ್ತಿದೆ. ಕುಣಿಕೆ ಸಡಿಲವಾಗಿ ಕೈಗೆ ಬಂತು. ಕಾರು ನನ್ನ ಮುಂದೆಯೇ ನಿಧಾನಕ್ಕೆ ಒಳಗೆ ಹೋಯಿತು. ಕಿಟಕಿಯಲ್ಲಿ ರೋನಿ ನನ್ನ ಕೈಗಳನ್ನೇ ನೋಡುತ್ತಿದ್ದರು. ಮತ್ತೆ ತಬ್ಬಿದೆ, ಕುಣಿಕೆ ಏರಿಸಿದೆ.

ಬಂದು ಅವರ ಕಿಟಕಿಯ ಪಕ್ಕ ನಿಂತೆ. ದೂರದಲ್ಲಿ ಮರಳಿನ ಬಣ್ಣದಲ್ಲೊಂದು ಬಾಲ ಅಲ್ಲಾಡಿತು.

"ಮುಚ್ಚಿದ್ಯಾ?" ಎಂದರು ರೋನಿ.

"ಮುಚ್ಚಿದೆ."

ಬಾಗಿಲು ತೆರೆದು, ಊರುಗೋಲನ್ನು ಮರಳಿಗೆ ಊರಿದರು. ಕಿತ್ತಳೆ ಅಂಗಿಗಾಗಿ ಕೈ ಚಾಚಿದರು. ನಾನು ಹಿಂದಿನ ಸೀಟಿನಿಂದ ಅದನ್ನು ತಂದು ತೊಡಿಸಿದೆ. ಗುಂಡಿ ಹಾಕುವಾಗ ಅವರು ಪಿಸುದನಿಯಲ್ಲಿ ಕೇಳಿದರು:

"ಗಾಳಿ ಎಲ್ಲಿಂದ?"

ಹೊಲಿಗೆಯ ಸಂದಿನಿಂದ ಒಂದಿಷ್ಟು ಕೆಂಪು ಪುಡಿಯನ್ನು ಉಗುರಿನಿಂದ ಕೆದಕಿ ಗಾಳಿಗೆ ಬಿಟ್ಟೆ.

"ನಮ್ಮ ಮುಖಕ್ಕೇ" ಎಂದೆ. "ನಡೀರಿ."